ಜಳಕದ ನೀರು ಏಕೆ ಕಾಯಲಿಲ್ಲ?

ಮಕ್ಕಳೇ, ಜಳಕದ ನೀರು ಕಾಯಿಸುವ ಹಂಡೆಯೊಳಗೆ ಇಣುಕಿ ನೋಡಿದ್ದೀರಾ? ಕೊಳವೆಬಾವಿಯ ನೀರು ಬಳಸುವ ಮನೆಗಳಲ್ಲಿ ಅದರ ತಳಕ್ಕೆ ಬಿಳಿಯ ಪದರವೊಂದು ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇದೇ ಪದರ ಮಾಳಿಗೆಯ ಮೇಲಿನ ಸೋಲಾರ್ ಹೀಟರಿನ ಒಳಗೂ ಬೆಳೆಯುತ್ತದೆ. ಆಗ ಬಿಸಿಲು ಚೆನ್ನಾಗಿದ್ದರೂ ನೀರು ಕಾಯುವುದಿಲ್ಲ. ‘ಸೋಲಾರ್ ಕೆಟ್ಟಿತು’ ಎಂದು ಮನೆಯವರು ಮತ್ತೆ ಕಟ್ಟಿಗೆಯ ಒಲೆ ಹಚ್ಚುತ್ತಾರೆ. ಎಷ್ಟೋ ಸಲ ಅದು ಕೆಟ್ಟಿರುವುದಿಲ್ಲ, ಕೊಳವೆ ಕಟ್ಟಿಕೊಂಡಿರುತ್ತದೆ ಅಷ್ಟೇ!

ಮೋಟಾರು ಇಲ್ಲದೆ ನೀರು ಸುತ್ತುವುದು ಹೇಗೆ?

ಚಪ್ಪಟೆ ಫಲಕದ ಹೀಟರಿನಲ್ಲಿ ಗಾಜಿನ ಕೆಳಗೆ ಸಣ್ಣ ತಾಮ್ರದ ಕೊಳವೆಗಳಿರುತ್ತವೆ. ನೀರಿನ ಟ್ಯಾಂಕು ಫಲಕಕ್ಕಿಂತ ಎತ್ತರದಲ್ಲಿರುತ್ತದೆ. ಬಿಸಿಲಿಗೆ ಕೊಳವೆಯ ನೀರು ಕಾದು ಹಗುರವಾಗಿ ಮೇಲೇರುತ್ತದೆ. ಟ್ಯಾಂಕಿನ ತಳದ ತಣ್ಣೀರು ಭಾರವಾದ್ದರಿಂದ ಇಳಿದು ಆ ಜಾಗಕ್ಕೆ ಬರುತ್ತದೆ. ಇದೇ ಉಷ್ಣ ಸಂವಹನ. ಆದರೆ ಹೀಗೆ ನೀರನ್ನು ತಳ್ಳುವ ಬಲ ತೀರ ಕಡಿಮೆ. ದಾರಿಯಲ್ಲಿ ಸ್ವಲ್ಪ ಅಡ್ಡಿಯಾದರೂ ಸುತ್ತಾಟ ನಿಧಾನವಾಗುತ್ತದೆ.

ಬಿಳಿ ಪದರ ಎಲ್ಲಿಂದ ಬಂತು?

ಬಾಗಲಕೋಟೆಯ ಸುತ್ತಮುತ್ತ ಸುಣ್ಣದ ಕಲ್ಲು ಇದೆ. ಸಿಮೆಂಟ್ ತಯಾರಿಸಲು ಬಳಸುವ ಕಲ್ಲು ಇದೇ. ಮಳೆನೀರು ನೆಲದಲ್ಲಿ ಇಂಗುವಾಗ ಮಣ್ಣಿನೊಳಗಿನ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ತುಸು ಆಮ್ಲೀಯವಾಗುತ್ತದೆ. ಆ ನೀರು ಸುಣ್ಣದ ಕಲ್ಲನ್ನು ಸ್ವಲ್ಪಸ್ವಲ್ಪವಾಗಿ ಕರಗಿಸುತ್ತದೆ. ಬಾದಾಮಿಯ ಗುಡ್ಡಗಳು ಮರಳುಗಲ್ಲಿನವು, ಇಳಕಲ್ಲಿನದು ಕೆಂಪು ಗ್ರಾನೈಟ್. ಆದರೂ ಆಳದ ನೀರು ಬಹುಕಾಲ ಕಲ್ಲು ಮಣ್ಣಿನ ನಡುವೆ ಇರುವುದರಿಂದ ಅಲ್ಲಿಯೂ ಗಡಸಾಗಿರಬಹುದು. ಗಡಸು ನೀರಿನಲ್ಲಿ ಸಾಬೂನು ನೊರೆ ಬರುವುದಿಲ್ಲ, ಬೇಳೆ ಬೇಗ ಬೇಯುವುದಿಲ್ಲ.

ಗಡಸು ನೀರನ್ನು ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಹೊರಹೋಗುತ್ತದೆ. ಕರಗಿದ್ದ ಸುಣ್ಣ ಮತ್ತೆ ಕಲ್ಲಾಗಿ ಕೊಳವೆಯ ಗೋಡೆಗೆ ಅಂಟುತ್ತದೆ. ಅದರ ಹೆಸರು ಕ್ಯಾಲ್ಸಿಯಂ ಕಾರ್ಬೊನೇಟ್.

ಎರಡು ತೊಂದರೆಗಳು

ಒಂದು, ದಾರಿ ಕಿರಿದಾಗುತ್ತದೆ. 10 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ ಸುತ್ತಲೂ 2 ಮಿ.ಮೀ. ಪದರ ಕಟ್ಟಿತು ಎನ್ನಿ. ಉಳಿಯುವ ವ್ಯಾಸ 6 ಮಿ.ಮೀ. ನೀರು ಹರಿಯುವ ಜಾಗ 100ರಲ್ಲಿ 36 ಪಾಲು ಮಾತ್ರ! ಎರಡು, ತಾಮ್ರ ಈ ಪದರಕ್ಕಿಂತ ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಉಷ್ಣವನ್ನು ಸಾಗಿಸುತ್ತದೆ. ಪದರ ಅಡ್ಡ ಬಂದರೆ ಬಿಸಿಲಿನ ಶಾಖ ನೀರಿಗೆ ಸರಿಯಾಗಿ ತಲುಪುವುದಿಲ್ಲ.

ತೊಳೆಯುವುದು ಹೇಗೆ?

ಮೊದಲು ಹೀಟರು ತಣ್ಣಗಾಗಬೇಕು. ತಣ್ಣೀರು ಬರುವ ನಲ್ಲಿ ಮುಚ್ಚಿ, ಕೆಳಗಿನ ನಲ್ಲಿ ತೆರೆದರೆ ನೀರಿನೊಡನೆ ಕೆಸರೂ ಹೊರಬರುತ್ತದೆ. ಗಟ್ಟಿ ಪದರ ಇಷ್ಟಕ್ಕೇ ಹೋಗುವುದಿಲ್ಲ. ಅದಕ್ಕೆ ಕೆಲಸ ಬಲ್ಲವರು ಸೌಮ್ಯ ಆಮ್ಲದ ದ್ರಾವಣವನ್ನು ಸಣ್ಣ ಪಂಪಿನಿಂದ ಕೊಳವೆಗಳಲ್ಲಿ ಸುತ್ತಿಸುತ್ತಾರೆ. ಪದರ ಕರಗಿದ ಮೇಲೆ, ತಿಳಿನೀರು ಬರುವವರೆಗೆ ಶುದ್ಧ ನೀರಿನಿಂದ ತೊಳೆಯುತ್ತಾರೆ. ಇದು ದೊಡ್ಡವರ ಕೆಲಸ. ನೀವು ಮಾಳಿಗೆ ಹತ್ತಬೇಡಿ, ಆಮ್ಲ ಮುಟ್ಟಬೇಡಿ.

ಇಂಗ್ಲೆಂಡಿನಂಥ ಚಳಿ ದೇಶಗಳಲ್ಲಿ ಕೋಣೆಗಳನ್ನು ಬೆಚ್ಚಗಿಡಲು ಮನೆಯ ತುಂಬ ಬಿಸಿನೀರಿನ ಕೊಳವೆಗಳಿರುತ್ತವೆ. ಅಲ್ಲಿ ಅದೇ ನೀರು ಮತ್ತೆ ಮತ್ತೆ ಸುತ್ತುತ್ತದೆ. ಕಬ್ಬಿಣದ ಭಾಗಗಳು ಸವೆದು ಕಪ್ಪು ಕೆಸರಾಗಿ ದಾರಿ ಕಟ್ಟುತ್ತದೆ. ಅವರೂ ಕೊಳವೆಗಳನ್ನು ಹೀಗೆಯೇ ತೊಳೆಯುತ್ತಾರೆ.

ಮಾಡಿ ನೋಡಿ

ಹಂಡೆಯ ಬಿಳಿ ಪದರದ ಚೂರೊಂದನ್ನು ಹಿರಿಯರಿಂದ ಕೆರೆಸಿಕೊಳ್ಳಿ. ಅದನ್ನು ಗಾಜಿನ ಲೋಟದಲ್ಲಿ ಹಾಕಿ ಲಿಂಬೆರಸ ಹಿಂಡಿ. ಗುಳ್ಳೆಗಳು ಏಳುತ್ತವೆ. ಅವು ಯಾವ ಅನಿಲದ ಗುಳ್ಳೆಗಳು? ಮೇಲೆ ಓದಿದ್ದನ್ನು ನೆನಪಿಸಿಕೊಂಡು ಹೇಳಿ. ಹೀಟರು ಬದಲಿಸುವ ಮಾತು ಮನೆಯಲ್ಲಿ ಬಂದರೆ, ಮೊದಲು ಕೊಳವೆ ತೊಳೆಸಿ ನೋಡಲು ನೆನಪಿಸಿ.