ಮನೆ ಆರೈಕೆಗೆ ಎಲೆಕ್ಟ್ರಾನಿಕ್ ಹಾಜರಿ

ಹಾಸಿಗೆ ಹಿಡಿದವರಿಗೆ, ಅಂಗವಿಕಲರಿಗೆ ಮನೆಯಲ್ಲೇ ಸ್ನಾನ ಮಾಡಿಸಲು, ಊಟ ಮಾಡಿಸಲು, ಗಾಯಕ್ಕೆ ಪಟ್ಟಿ ಕಟ್ಟಲು ಬರಬೇಕಾದವರು ನಿಜಕ್ಕೂ ಬಂದರೇ, ಎಷ್ಟು ಹೊತ್ತು ಇದ್ದರು ಎಂಬುದನ್ನು ಆಗಿಂದಾಗಲೇ ಯಂತ್ರದಲ್ಲಿ ದಾಖಲಿಸುವ ಪದ್ಧತಿಯೇ ಎಲೆಕ್ಟ್ರಾನಿಕ್ ಭೇಟಿ ದೃಢೀಕರಣ. ಅಮೆರಿಕದಲ್ಲಿ ಇದನ್ನು ‘ಇವಿವಿ’ ಎನ್ನುತ್ತಾರೆ. ಕಡಿಮೆ ಆದಾಯದವರ ಚಿಕಿತ್ಸೆಯ ಖರ್ಚು ಭರಿಸುವ ಅಲ್ಲಿನ ಮೆಡಿಕೇಡ್ ಯೋಜನೆ ಬಹುಕಾಲ ನಂಬಿದ್ದು ಕಾಗದವನ್ನು. ಆರೈಕೆದಾರರು ವೇಳೆ ಬರೆದು, ರೋಗಿಯ ಸಹಿ ಹಾಕಿಸಿ ಕಳಿಸಿದರೆ ಹಣ ಬರುತ್ತಿತ್ತು. ಹೋಗದ ಮನೆಗೆ ಹೋದೆನೆಂದು ಬರೆದವರಿದ್ದರು. ರೋಗಿ ಆಸ್ಪತ್ರೆಯಲ್ಲಿದ್ದ ದಿನಕ್ಕೂ ಮನೆ ಆರೈಕೆಯ ಬಿಲ್ಲು ಹಾಕಿದವರಿದ್ದರು. ಇದರಿಂದ ಖಜಾನೆಗಾದ ನಷ್ಟಕ್ಕಿಂತ, ಯಾರೂ ಬಾರದ ದಿನ ಒದ್ದೆ ಬಟ್ಟೆಯಲ್ಲೇ ಮಲಗಿರಬೇಕಾದ ರೋಗಿಯ ಪಾಡು ದೊಡ್ಡದು.

2016ರ ಡಿಸೆಂಬರ್ 13ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಹಾಕಿದ ‘21ನೇ ಶತಮಾನದ ಕ್ಯೂರ್ಸ್ ಕಾಯ್ದೆ’ ಈ ದಾಖಲೆಯನ್ನು ಕಡ್ಡಾಯ ಮಾಡಿತು. ದಾಖಲಾಗಬೇಕಾದ ಸಂಗತಿಗಳು ಆರು: ಯಾವ ಸೇವೆ, ಯಾರಿಗೆ, ಯಾರಿಂದ, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯಿತು. ದಿನನಿತ್ಯದ ಆರೈಕೆಗೆ 2019ರ ಗಡುವಿತ್ತು, ಅದು 2020ಕ್ಕೆ ಹೋಯಿತು. ನರ್ಸಿಂಗ್‌ನಂಥ ಸೇವೆಗಳಿಗೆ 2023ರ ಜನವರಿ 1. ಪಾಲಿಸದ ರಾಜ್ಯಗಳಿಗೆ ಕೇಂದ್ರದ ಅನುದಾನದಲ್ಲಿ ಕಡಿತ.

ದಾಖಲಿಸುವ ಬಗೆಗಳು ಹಲವು. ಮೊಬೈಲ್ ಆ್ಯಪ್‌ನಲ್ಲಿ ಗುಂಡಿ ಒತ್ತಿದಾಗ ಫೋನು ಕನಿಷ್ಠ ನಾಲ್ಕು ಜಿಪಿಎಸ್ ಉಪಗ್ರಹಗಳ ಸಂಕೇತ ಹಿಡಿದು ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಆ ಜಾಗ ರೋಗಿಯ ಮನೆಯ ಸುತ್ತ ಗುರುತಿಸಿದ ವೃತ್ತದೊಳಗೆ ಇದೆಯೇ ಎಂದು ಸರ್ವರ್ ನೋಡುತ್ತದೆ. ಕಾಂಕ್ರೀಟ್ ಕಟ್ಟಡದೊಳಗೆ ಸಂಕೇತ ಕ್ಷೀಣ. ಆಗ ಪ್ರಾಮಾಣಿಕ ಕೆಲಸಗಾರರೂ ಅನುಮಾನಕ್ಕೆ ಗುರಿಯಾಗುತ್ತಾರೆ. ಸ್ಥಿರ ದೂರವಾಣಿ ಇರುವ ಮನೆಯಲ್ಲಿ ಅಲ್ಲಿಂದಲೇ ಕರೆ ಮಾಡಿದರೆ ಸಾಕು, ಆ ನಂಬರೇ ವಿಳಾಸಕ್ಕೆ ಸಾಕ್ಷಿ.

ಎರಡೂ ಇಲ್ಲದ ಕಡೆ ಬಳಸುವ ಉಪಾಯ ಜಾಣತನದ್ದು. ಬೆರಳುದ್ದದ ಪುಟ್ಟ ಸಾಧನವೊಂದನ್ನು ಮನೆಯಲ್ಲೇ ಬಿಗಿದಿಡುತ್ತಾರೆ. ಅದರೊಳಗೊಂದು ಗಡಿಯಾರ, ಸರ್ವರ್‌ಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಸಂಖ್ಯೆ. ಎರಡನ್ನೂ ಬೆರೆಸಿ ಅದು ಹೊತ್ತು ಹೊತ್ತಿಗೆ ಹೊಸ ಅಂಕಿಗಳನ್ನು ತೋರಿಸುತ್ತದೆ. ಬಂದಾಗ ಒಮ್ಮೆ, ಹೊರಡುವಾಗ ಒಮ್ಮೆ ಆರೈಕೆದಾರರು ಆ ಅಂಕಿಗಳನ್ನು ಬರೆದುಕೊಂಡು, ನಂತರ ಫೋನಿನಲ್ಲಿ ತಿಳಿಸಿದರಾಯಿತು. ಅವು ಯಾವ ಕ್ಷಣದವು ಎಂಬುದನ್ನು ಸರ್ವರ್ ಹಿಂದಿನಿಂದ ಲೆಕ್ಕ ಹಾಕಿ ತಿಳಿಯುತ್ತದೆ. ಮನೆಗೆ ಇಂಟರ್ನೆಟ್ಟೇ ಬೇಕಿಲ್ಲ.

ಅಂಗವಿಕಲರ ಸಂಘಟನೆಗಳು ಮಾತ್ರ ಬಲವಾದ ಆಕ್ಷೇಪ ಎತ್ತಿದವು. ಆರೈಕೆದಾರರ ಜಾಡು ಹಿಡಿದರೆ, ಅವರ ಜೊತೆ ಪಾರ್ಕಿಗೋ ಅಂಗಡಿಗೋ ಹೋಗುವ ರೋಗಿಯ ಜಾಡನ್ನೂ ಹಿಡಿದಂತೆಯೇ. ಈ ಆತಂಕ ನ್ಯಾಯವಾದದ್ದು. ಕಾಯ್ದೆ ಜಿಪಿಎಸ್ಸನ್ನು ಕಡ್ಡಾಯ ಮಾಡಿಲ್ಲ. ಭೇಟಿಯುದ್ದಕ್ಕೂ ಹಿಂಬಾಲಿಸಬೇಕೆಂದೂ ಹೇಳಿಲ್ಲ. ಒಂದೇ ಮನೆಯಲ್ಲಿ ವಾಸಿಸುತ್ತ ಆರೈಕೆ ಮಾಡುವವರಿಗೆ ಈ ನಿಯಮ ಅನ್ವಯಿಸುವುದಿಲ್ಲ ಎಂದು ಕೇಂದ್ರದ ಮೆಡಿಕೇಡ್ ಇಲಾಖೆ 2019ರಲ್ಲಿ ಸ್ಪಷ್ಟಪಡಿಸಿತು. ಆರೈಕೆ ಹೇಗಿತ್ತು ಎಂಬುದು ಮಾತ್ರ ಆ ಆರು ಸಂಗತಿಗಳಲ್ಲಿ ಇಲ್ಲ. ಅದನ್ನು ಈಗಲೂ ರೋಗಿಯನ್ನೇ ಕೇಳಿ ತಿಳಿಯಬೇಕು.