ರೋಗದ ಹೆಸರು, ರೋಗದ ಕಾರಣ

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಮನೆಗಳು ಅನೇಕ. ತಂಪು, ತೇವಗಳು ಹೆಚ್ಚಿದ ದಿನಗಳಲ್ಲಿ ಕೆಲವೊಮ್ಮೆ ಹುಳುಗಳು ಮೇವನ್ನು ಬಿಟ್ಟು ಸತ್ತು, ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದುಕೊಳ್ಳುತ್ತವೆ. ಕಂಡದ್ದನ್ನೇ ಹೆಸರಾಗಿಸಿ ಜನ ಇದನ್ನು ‘ಸುಣ್ಣಕಟ್ಟು ರೋಗ’ ಎಂದರು. ಆ ಬಿಳಿಯ ಪುಡಿ ಸುಣ್ಣವಲ್ಲ, ಒಂದು ಶಿಲೀಂಧ್ರದ ಬೀಜಕಣಗಳು. ಹುಳುವಿನಿಂದ ಹುಳುವಿಗೆ ಹರಡುವ ಈ ರೋಗಕ್ಕೆ ಶಿಲೀಂಧ್ರವೇ ಕಾರಣವೆಂದು 1835ರಲ್ಲಿ ಪ್ರಕಟಿಸಿದವನು ಇಟಲಿಯ ಅಗೊಸ್ಟಿನೊ ಬಾಸಿ. ಸೂಕ್ಷ್ಮಜೀವಿಗಳು ಪ್ರಾಣಿಗಳಲ್ಲಿ ರೋಗವನ್ನುಂಟುಮಾಡಬಲ್ಲವು ಎಂಬುದಕ್ಕೆ ದೊರೆತ ಮೊದಲ ಆಧಾರಗಳಲ್ಲಿ ಇದೂ ಒಂದು.

ಅಣಬೆ, ಬೂಷ್ಟು ಇವೆಲ್ಲವೂ ಶಿಲೀಂಧ್ರಗಳೇ. ಗ್ರೀಕ್ ಭಾಷೆಯಲ್ಲಿ ಅಣಬೆಗೆ ‘ಮೈಕಿಸ್’ ಎಂದು ಹೆಸರು. ಅದರಿಂದಲೇ ಶಿಲೀಂಧ್ರ ರೋಗಕ್ಕೆ ‘ಮೈಕೋಸಿಸ್’ ಎಂಬ ವೈದ್ಯಕೀಯ ಪದ ಬಂದಿದೆ. ಮನುಷ್ಯನ ಚರ್ಮದ ಮೇಲೆ ಉಂಗುರದಂತೆ ಹಬ್ಬುವ ಹುಳುಕಡ್ಡಿಯೂ ಈ ಜಾತಿಗೆ ಸೇರಿದ್ದು. ಹೆಸರಿನಲ್ಲಿ ಹುಳುವಿದ್ದರೂ ರೋಗದಲ್ಲಿ ಹುಳುವಿಲ್ಲ! ಇದನ್ನರಿಯದೆ ಸ್ಟೀರಾಯ್ಡ್ ಬೆರೆತ ಮುಲಾಮನ್ನು ತಾವೇ ಕೊಂಡು ಹಚ್ಚುವವರಿದ್ದಾರೆ. ಅದರಿಂದ ತುರಿಕೆ ಅಡಗಿದಂತೆ ತೋರುತ್ತದೆ. ಶಿಲೀಂಧ್ರ ಮಾತ್ರ ಇನ್ನಷ್ಟು ಹಬ್ಬುತ್ತದೆ.

‘ರಕ್ತಹೀನತೆ’ ಎಂಬ ಮಾತೂ ಹೀಗೆಯೇ ದಾರಿ ತಪ್ಪಿಸಬಹುದು. ಸಾಮಾನ್ಯವಾಗಿ ಈ ಸ್ಥಿತಿಯಲ್ಲಿ ಕೊರತೆಯಾಗುವುದು ರಕ್ತವಲ್ಲ, ಅದಕ್ಕೆ ಕೆಂಪು ಬಣ್ಣವನ್ನಿತ್ತು ಆಮ್ಲಜನಕವನ್ನು ಹೊತ್ತೊಯ್ಯುವ ವರ್ಣಕವಾದ ಹಿಮೋಗ್ಲೋಬಿನ್. ಗ್ರೀಕ್ ಭಾಷೆಯ ‘ಹೈಮ’ ಎಂದರೆ ರಕ್ತ. ಸ್ವಿಟ್ಜರ್ಲೆಂಡಿನ ವೈದ್ಯ ಸಾಹ್ಲಿ ರೂಪಿಸಿದ ಸರಳ ವಿಧಾನವೊಂದು ಈ ವರ್ಣಕವನ್ನು ಅಳೆಯಲು ಬಹುಕಾಲ ಬಳಕೆಯಲ್ಲಿತ್ತು. ಬೆರಳ ತುದಿಯ ರಕ್ತವನ್ನು ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬೆರೆಸಿದರೆ ಕಂದು ಬಣ್ಣ ಬರುತ್ತದೆ. ಪಕ್ಕದ ಮಾದರಿಯ ಬಣ್ಣಕ್ಕೆ ಸಮನಾಗುವವರೆಗೆ ನೀರನ್ನು ಹನಿಹನಿಯಾಗಿ ಸೇರಿಸಿ, ಕೊಳವೆಯ ಮೇಲಿನ ಅಂಕಿಯನ್ನು ಓದಬೇಕು. ಕಣ್ಣಿನ ಅಂದಾಜು ತಪ್ಪಬಹುದಾದುದರಿಂದ ಇಂದು ಯಂತ್ರಗಳು ಈ ಕೆಲಸವನ್ನು ಮಾಡುತ್ತವೆ.

ಹದಿನಾಲ್ಕು ವರ್ಷದ ಬಾಲಕಿಯ 100 ಮಿಲಿಲೀಟರ್ ರಕ್ತದಲ್ಲಿ 12 ಗ್ರಾಂಗಿಂತ ಕಡಿಮೆ ಹಿಮೋಗ್ಲೋಬಿನ್ ಇದ್ದರೆ ಅದು ರಕ್ತಹೀನತೆ. ಪಾಠದಲ್ಲಿ ಮನಸ್ಸು ನಿಲ್ಲದ, ನಾಲ್ಕು ಹೆಜ್ಜೆಗೇ ಏದುಸಿರು ಬಿಡುವ ಹುಡುಗಿಯನ್ನು ಜನ ಸೋಮಾರಿಯೆಂದು ಕರೆಯುತ್ತಾರೆ. ಅದೂ ಒಂದು ತಪ್ಪು ಹೆಸರೇ ಆಗಿರಬಹುದು. ಅವಳಿಗೆ ಬೇಕಾದುದು ಬೈಗುಳವಲ್ಲ, ರಕ್ತಪರೀಕ್ಷೆ. ಕೊರತೆಗೆ ತಕ್ಕ ಚಿಕಿತ್ಸೆ. ಸೊಪ್ಪು, ಕಾಳುಗಳೊಡನೆ ನಿಂಬೆ, ನೆಲ್ಲಿಗಳನ್ನೊಳಗೊಂಡ ಊಟ. ರೋಗದ ಹೆಸರನ್ನು ಕೇಳಿ ಸುಮ್ಮನಾಗದೆ ಅದರ ಕಾರಣವನ್ನು ವಿಚಾರಿಸುವುದೇ ಆರೋಗ್ಯದ ಮೊದಲ ಮೆಟ್ಟಿಲು.