ಅಂಗಡಿಯ ಗುರಿ ಮತ್ತು ಗಣಕಯಂತ್ರ

ಸಣ್ಣ ಉದ್ಯೋಗದವರು ಗಣಕಯಂತ್ರವನ್ನು ಕೊಳ್ಳುವುದು ಈಗ ಸುದ್ದಿಯೇ ಅಲ್ಲ. ದೀಪಾವಳಿಯ ಅಮಾವಾಸ್ಯೆಯ ಸಂಜೆ ಧಾರವಾಡದ ಪೇಟೆಯಲ್ಲಿ ಹಾಯ್ದು ಹೋದರೆ, ಲಕ್ಷ್ಮಿಯ ಮುಂದೆ ಹೊಸ ಖಾತೆ ಪುಸ್ತಕದ ಜೊತೆಗೆ ಗಣಕಯಂತ್ರಕ್ಕೂ ಅರಿಷಿಣ ಕುಂಕುಮ ಏರಿರುವುದನ್ನು ಕಾಣುತ್ತೇವೆ. ಖಾತೆ ಪುಸ್ತಕ ಏತಕ್ಕೆ ಎಂದು ಕೇಳಿದರೆ ಅಂಗಡಿಯ ಯಜಮಾನರು ಒಂದೇ ಮಾತಿನಲ್ಲಿ ಹೇಳಬಲ್ಲರು. ಗಣಕಯಂತ್ರ ಏತಕ್ಕೆ ಎಂದು ಕೇಳಿದರೆ ಮಾತ್ರ, "ಎಲ್ಲಾರೂ ಇಟ್ಟಾರ, ನಾವೂ ಇಟ್ಟೇವಿ" ಎಂಬ ಉತ್ತರವೇ ಹೆಚ್ಚಾಗಿ ಬರುತ್ತದೆ. ಈ ಎರಡು ಉತ್ತರಗಳ ನಡುವೆ ಇರುವ ಅಂತರವನ್ನು ಕುರಿತು ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ನಮ್ಮ ಕಡೆಯ ಹಳೆಯ ಲೆಕ್ಕದ ಕ್ರಮವನ್ನೇ ನೋಡಿರಿ. ದಿನದ ಜಮಾ ಖರ್ಚನ್ನು ಆಯಾ ದಿನವೇ ಬರೆದಿಡುವುದು ರೋಜಕಿರ್ದಿ. ಅದರಿಂದ ಒಬ್ಬೊಬ್ಬ ಗಿರಾಕಿಯ ಹೆಸರಿಗೆ ತೆಗೆದು ಹಾಕುವುದು ಖತಾವಣಿ. ವ್ಯಾಪಾರವೆಲ್ಲ ಉದ್ರಿಯ ಮೇಲೆ ನಡೆಯುತ್ತಿದ್ದ ಕಾಲ ಅದು. ರೈತ ಕೊಡುವುದು ಸುಗ್ಗಿಗೆ, ಮಾಸ್ತರ ಕೊಡುವುದು ಪಗಾರ ಬಂದ ಮೇಲೆ. ಯಾರಿಂದ ಎಷ್ಟು ಬರಬೇಕು, ಎಂದಿನಿಂದ ಬರಬೇಕು ಎಂಬ ಪ್ರಶ್ನೆಯ ಮೇಲೆಯೇ ಅಂಗಡಿಯ ಜೀವ ನಿಂತಿತ್ತು. ಖತಾವಣಿಯ ರಚನೆಯೂ ಆ ಪ್ರಶ್ನೆಗೆ ಉತ್ತರ ಕೊಡುವಂತೆಯೇ ಇತ್ತು. ದಿವಾನಜಿ ಪ್ರತಿಯೊಂದು ಸಾಲಿನಲ್ಲಿ ಮೊತ್ತದ ಜೊತೆಗೆ ಅದು ಯಾವ ಬಾಬತ್ತಿನದು ಎಂದೂ ಬರೆಯುತ್ತಿದ್ದರು. ಈ 'ಬಾಬತ್ತು' ಎಂಬ ಪದವನ್ನು ಸ್ವಲ್ಪ ನೆನಪಿನಲ್ಲಿಡಬೇಕು.

ಏಕೆಂದರೆ 2025ರ ಜುಲೈ ತಿಂಗಳಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳು ಕಂಗೆಟ್ಟದ್ದು ಈ ಬಾಬತ್ತಿನ ಸಲುವಾಗಿಯೇ. ಯುಪಿಐ ಮೂಲಕ ಅವರ ಖಾತೆಗಳಿಗೆ ಬಂದ ಹಣದ ಮೊತ್ತವನ್ನು ನೋಡಿ ವಾಣಿಜ್ಯ ತೆರಿಗೆ ಇಲಾಖೆ ನೋಟೀಸು ಕಳಿಸಿತು. ಸರಕು ಮಾರುವವರ ವಹಿವಾಟು ವರ್ಷಕ್ಕೆ 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಒದಗಿಸುವವರದು 20 ಲಕ್ಷ ದಾಟಿದರೆ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕೆಂಬುದು ನಿಯಮ. ಆದರೆ ಖಾತೆಗೆ ಬಂದ ಹಣದಲ್ಲಿ ತೆರಿಗೆಯ ಸರಕಿನದೆಷ್ಟು, ತೆರಿಗೆಯಿಲ್ಲದ ಸರಕಿನದೆಷ್ಟು, ತಮ್ಮ ಕೊಟ್ಟ ಕೈಗಡವೆಷ್ಟು? ಬ್ಯಾಂಕಿನ ಯಂತ್ರ ಬಲ್ಲದ್ದು ಯಾರಿಂದ, ಯಾವಾಗ, ಎಷ್ಟು ಎಂಬುದನ್ನು ಮಾತ್ರ. ಪುಸ್ತಕದ ಅಂಗಡಿಯನ್ನೇ ತೆಗೆದುಕೊಳ್ಳಿರಿ: ಮುದ್ರಿತ ಪುಸ್ತಕಕ್ಕೆ ಜಿ.ಎಸ್.ಟಿ. ಇಲ್ಲ, ಅದೇ ಅಂಗಡಿಯ ಪೆನ್ನಿಗೆ ಉಂಟು. ಎರಡರ ಹಣವೂ ಗೋಡೆಯ ಮೇಲಿನ ಒಂದೇ ಕ್ಯೂಆರ್ ಚೌಕದ ಮೂಲಕ ಒಂದೇ ಖಾತೆಗೆ ಬೀಳುತ್ತದೆ. ಬೇರೆ ಮಾಡಿ ತೋರಿಸುವ ಲೆಕ್ಕ ಯಜಮಾನರ ಹತ್ತಿರ ಇರಬೇಕು. ಕೆಲವರು ಆಗ ಚೌಕವನ್ನೇ ಕಿತ್ತಿಟ್ಟು ನಗದು ಕೇಳತೊಡಗಿದರು. ಸಿಟ್ಟು ಸಹಜವಾದದ್ದೇ, ಆದರೆ ಚೌಕವನ್ನು ಕಿತ್ತಿಟ್ಟ ಮಾತ್ರಕ್ಕೆ ಬಾಬತ್ತಿನ ಲೆಕ್ಕ ಹುಟ್ಟುವುದಿಲ್ಲ.

ಈಗ ನಮ್ಮ ಊರಿಗೆ ಹೆಚ್ಚು ಸಲ್ಲುವ ಉದ್ಯೋಗವೊಂದರ ಕಡೆಗೆ ಬರುತ್ತೇನೆ. ಧಾರವಾಡ ಪೇಡೆಗೆ ಎಷ್ಟು ಹೆಸರಾದದ್ದೋ ಪುಸ್ತಕಪ್ರಕಟನೆಗೂ ಅಷ್ಟೇ ಹೆಸರಾದದ್ದು. ಪೇಡೆಯ ಅಂಗಡಿಗೆ ಯಂತ್ರದ ಉಪದೇಶ ಅಷ್ಟಾಗಿ ಬೇಡ. ಕಾಸಿದ ಸರಕು ತಾಜಾ ಇರುವಾಗಲೇ ಮಾರಿಹೋಗಬೇಕು, ಅದರ ಗುರಿಯೆಲ್ಲ ಅಷ್ಟೇ. ಪುಸ್ತಕದ ಪಾಡು ಹಾಗಲ್ಲ. ಇಂದು ಅಚ್ಚಾದದ್ದನ್ನು ಮೂವತ್ತು ವರ್ಷದ ನಂತರ ಒಬ್ಬ ಓದುಗ ಹುಡುಕಿಕೊಂಡು ಬರುತ್ತಾನೆ.

1933ರಲ್ಲಿ ಜಿ. ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ನೆಚ್ಚಿ ನಡೆದ ಸಂಸ್ಥೆ. ಮುಂಗಡವಾಗಿ ಬಂದ ಚಂದಾ ಹಣ ಕಾಗದದ ಖರ್ಚಿಗಾಯಿತು, ಓದುಗರೂ ಮೊದಲೇ ಗೊತ್ತಾದರು. ಗಿರೀಶ ಕಾರ್ನಾಡರ ಮೊದಲ ನಾಟಕ 'ಯಯಾತಿ' 1961ರಲ್ಲಿ ಅಲ್ಲಿಂದಲೇ ಹೊರಬಂದಿತು. ಹೊಸಬನೊಬ್ಬನ ನಾಟಕವನ್ನು ಅಚ್ಚು ಹಾಕಿಸಲು ಅಭಿರುಚಿ ಬೇಕು, ಎದೆಗಾರಿಕೆ ಬೇಕು. ಹೆಸರು ವಿಳಾಸಗಳ ಒಂದು ಯಾದಿಯೂ ಬೇಕು ಎಂದರೆ ಸಾಹಿತ್ಯಪ್ರಿಯರು ಮುನಿಯಬಾರದು. ಇಂದಿನವರು ಬಹು ದೊಡ್ಡ ಹೆಸರಿಟ್ಟು ಕರೆಯುವ ಮಾಹಿತಿ ವ್ಯವಸ್ಥೆ ಎಂದರೆ ಇಂಥ ಯಾದಿಯೇ. 1972ರಲ್ಲಿ ಪಿನ್‌ಕೋಡ್ ಬಂದಾಗ ವಿಳಾಸದ ಕೊನೆಗೆ ಆರು ಅಂಕಿಗಳನ್ನು ಸೇರಿಸಿದರಾಯಿತು, ಯಾದಿ ಹೊಸ ಕಾಲಕ್ಕೆ ಒಗ್ಗಿತು. ಅದು ಒಗ್ಗಿದ್ದು ಬರೆದವರ ಕೈಯಲ್ಲೇ ಇದ್ದುದರಿಂದ.

ಅಚ್ಚಿನ ಮನೆಯ ಮಾತೇ ಬೇರೆ. ಮೊಳೆ ಜೋಡಿಸುತ್ತಿದ್ದ ಕಾಲದಲ್ಲಿ ಪುಟಗಳು ಅಚ್ಚಾದ ಕೂಡಲೆ ಮೊಳೆಗಳನ್ನು ಬಿಡಿಸಿ ಅವುಗಳ ಖಾನೆಗಳಿಗೆ ಮರಳಿಸುತ್ತಿದ್ದರು. ಅವೇ ಮೊಳೆಗಳು ಮುಂದಿನ ಪುಟಕ್ಕೆ ಬೇಕಲ್ಲ! ಹೀಗಾಗಿ ಮರುಮುದ್ರಣವೆಂದರೆ ಮೊದಲಿನಿಂದ ಜೋಡಣೆ, ಮೊದಲಿನಿಂದ ಕರಡು ತಿದ್ದುವಿಕೆ. ಗಣಕಯಂತ್ರ ಬಂದಾಗ ಪ್ರಕಾಶಕರಿಗೆ ಕಂಡ ದೊಡ್ಡ ಆಸೆ ಇದೇ: ಒಮ್ಮೆ ಜೋಡಿಸಿದರೆ ಸಾಕು, ಪುಸ್ತಕ ಎಂದೆಂದಿಗೂ ಪೆಟ್ಟಿಗೆಯಲ್ಲಿ ಉಳಿಯುತ್ತದೆ.

ನನ್ನ ಪರಿಚಯದ ಒಬ್ಬ ಸಣ್ಣ ಪ್ರಕಾಶಕರು ಆ ಆಸೆಯಿಂದಲೇ ಯಂತ್ರವನ್ನು ತಂದರು. ಮಾರಲು ಬಂದವನು ದಿನಕ್ಕೆ ಎಷ್ಟು ಪುಟ ಹೊರಬೀಳುತ್ತದೆ ಎಂದು ಚೆನ್ನಾಗಿ ವಿವರಿಸಿದ. ಇಪ್ಪತ್ತು ವರ್ಷಗಳ ನಂತರ ಈ ಪುಟ ತೆರೆಯುತ್ತದೆಯೇ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ. ಮೊನ್ನೆ ಹಳೆಯ ಕಾದಂಬರಿಯೊಂದನ್ನು ಮತ್ತೆ ತರಬೇಕೆಂದು ಕಡತವನ್ನು ತೆರೆದರೆ ಪರದೆಯ ತುಂಬ ಅರ್ಥವಿಲ್ಲದ ರೋಮನ್ ಅಕ್ಷರಗಳು! ಅಕ್ಷರವಿನ್ಯಾಸದ ಆ ಹಳೆಯ ತಂತ್ರಾಂಶ ಹೊಸ ಯಂತ್ರದಲ್ಲಿ ನಡೆಯಲೊಲ್ಲದು. ಲೇಖಕರು ತೀರಿಕೊಂಡಿದ್ದಾರೆ, ಹಸ್ತಪ್ರತಿ ಇಲ್ಲ. ಉಳಿದದ್ದು ಹುಳು ಹಿಡಿದ ಎರಡು ಪ್ರತಿ.

ಹೀಗೇಕಾಯಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಗೊತ್ತು. ಮೊದಮೊದಲು ಕನ್ನಡದ ಅಕ್ಷರವಿನ್ಯಾಸಗಳನ್ನು ಮಾಡಿದವರು ರೋಮನ್ ಅಕ್ಷರಗಳ ಸಂಖ್ಯೆಗಳ ಮೇಲೆಯೇ ನಮ್ಮ ಅಕ್ಷರದ ತುಣುಕುಗಳನ್ನು, ಎಂದರೆ ತಲೆಕಟ್ಟು, ಗುಡಿಸು, ಒತ್ತುಗಳನ್ನು ಕೂರಿಸಿದರು. ಒಬ್ಬೊಬ್ಬರು ಕೂರಿಸಿದ್ದು ಒಂದೊಂದು ರೀತಿ. ಕಡತದಲ್ಲಿರುವುದು ರೋಮನ್ ಸಂಖ್ಯೆಯೇ, ಕನ್ನಡವೆಂಬುದು ಮೇಲಿನ ವೇಷ. ವೇಷ ಕಳಚಿದರೆ ಪಾತ್ರವೇ ಇಲ್ಲ. ಅವರನ್ನು ದೂರುವಂತಿಲ್ಲ. 1998ರಲ್ಲಿ ಬಂದ 'ಬರಹ', ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ' ಇವುಗಳಿಂದ ಎಷ್ಟೋ ಜನ ಮೊದಲ ಬಾರಿಗೆ ಯಂತ್ರದಲ್ಲಿ ಕನ್ನಡ ಬರೆದರು. ಆದರೆ 1991ರಲ್ಲಿಯೇ ಯುನಿಕೋಡ್ ಎಂಬ ವಿಶ್ವಸಮ್ಮತ ಕ್ರಮದಲ್ಲಿ ಕನ್ನಡಕ್ಕೆ 128 ಸ್ವಂತ ಮನೆಗಳು ಗೊತ್ತಾಗಿದ್ದವು. ಅಲ್ಲಿ 'ಕ' ಅಕ್ಷರದ ಸಂಖ್ಯೆ 3221. ಯಾವ ಯಂತ್ರಕ್ಕೆ ಹೋದರೂ ಅದು 'ಕ' ಎಂದೇ ಉಳಿಯುತ್ತದೆ. ವಿಂಡೋಸ್ ಎಕ್ಸ್‌ಪಿ 2001ರಲ್ಲಿ ಕನ್ನಡಕ್ಕೆ ಎಡೆ ಕೊಟ್ಟ ಮೇಲೆ ಸಾಮಾನ್ಯರ ಯಂತ್ರಗಳಲ್ಲಿಯೂ ಇದು ಸಾಧ್ಯವಾಯಿತು. ಆದರೂ ಪುಟವಿನ್ಯಾಸದವರು ಕೈಗೆ ರೂಢಿಯಾದ ಹಳೆಯ ದಾರಿಯನ್ನು ಬಹಳ ಕಾಲ ಬಿಡಲಿಲ್ಲ.

ಹಳೆಯದನ್ನು ಹೊಸದಕ್ಕೆ ತಿರುಗಿಸುವ ತಂತ್ರಾಂಶಗಳುಂಟು. ಕೆಲಸ ನಡೆಯುತ್ತದೆ, ಅರೆಬರೆಯಾಗಿ. 'ಧರ್ಮ' ಎಂದು ಬರೆಯುವಾಗ ಕಣ್ಣಿಗೆ ಮೊದಲು ಮಕಾರ, ಆಮೇಲೆ ಅರ್ಕಾವತ್ತು. ನಾಲಿಗೆಗೆ ಮೊದಲು ರಕಾರ, ಆಮೇಲೆ ಮಕಾರ. ಹಳೆಯ ಕ್ರಮ ಕಣ್ಣನ್ನು ಅನುಸರಿಸಿತ್ತು, ಯುನಿಕೋಡ್ ನಾಲಿಗೆಯನ್ನು ಅನುಸರಿಸುತ್ತದೆ. ತಿರುಗಿಸುವಾಗ ಇಂಥಲ್ಲಿ ತಪ್ಪುಗಳು ನುಸುಳುತ್ತವೆ. ಕೊನೆಗೆ ಕನ್ನಡ ಬಲ್ಲವರೊಬ್ಬರು ಕುಳಿತು ಕರಡು ತಿದ್ದಲೇಬೇಕು. ಯಂತ್ರದ ಬೆಲೆಯನ್ನು ಕೇಳಿ ಕೊಳ್ಳುವವರು ಈ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವುದೇ ಇಲ್ಲ. ನಿಜವಾದ ಖರ್ಚು ಇರುವುದು ಇದರಲ್ಲಿ.

ನನ್ನ ಪರಿಚಯದವರಿಗೆ ಆಗ ಬಂದ ಸಲಹೆಗಳೋ ಹಲವಾರು. ಹೊಸ ಯಂತ್ರ ತನ್ನಿ, ಜಾಲದಲ್ಲಿ ಅಂಗಡಿ ತೆರೆಯಿರಿ, ತಿಂಗಳಿಗಿಷ್ಟು ಬಾಡಿಗೆ ಕೊಟ್ಟು ದೊಡ್ಡ ತಂತ್ರಾಂಶ ಇಟ್ಟುಕೊಳ್ಳಿ. ಅವರಲ್ಲಿದ್ದ ಹಣ ಇವುಗಳಲ್ಲಿ ಒಂದಕ್ಕೂ ಪೂರ್ತಿಯಾಗಿ ಸಾಲುವಂತಿರಲಿಲ್ಲ. ನಿಮ್ಮ ಉದ್ಯೋಗ ಯಾವುದು ಕಳೆದರೆ ಮುಳುಗುತ್ತದೆ ಎಂದು ನಾನು ಕೇಳಿದೆ. ಬಹಳ ಹೊತ್ತು ಯೋಚಿಸಿ, ಎರಡು ಎಂದರು: ಪುಸ್ತಕಗಳ ಪಾಠ, ಓದುಗರ ವಿಳಾಸ. ಹಾಗಾದರೆ ಹಣ ಹೋಗಬೇಕಾದ ದಾರಿಯೂ ತಾನಾಗಿ ಗೊತ್ತಾಯಿತಲ್ಲ! ಯಂತ್ರ ಹಳೆಯದೇ ಇರಲಿ ಎಂದಾಯಿತು. ಪಾಠಗಳು ಯುನಿಕೋಡಿಗೆ ಬರಬೇಕು. ವಿಳಾಸಗಳು ಯಾವ ತಂತ್ರಾಂಶದಿಂದಲೂ ಸಾದಾ ಕೋಷ್ಟಕವಾಗಿ ಹೊರಬರುವಂತಿರಬೇಕು. ಎರಡಕ್ಕೂ ಬೇರೆ ಪ್ರತಿ ಇದ್ದು, ಅದರಲ್ಲಿ ಒಂದು ಅಂಗಡಿಯ ಹೊರಗಿರಬೇಕು. ಗುಪ್ತಪದ ರಿಪೇರಿಗೆ ಬರುವ ಹುಡುಗನ ತಲೆಯಲ್ಲಿರದೆ ಯಜಮಾನರ ತಿಜೋರಿಯಲ್ಲಿರಬೇಕು. ದೀಪಾವಳಿಯ ಪಾಡ್ಯದ ದಿನ ಆ ಪ್ರತಿಯಿಂದ ಒಂದು ಪುಸ್ತಕವನ್ನು ಬೇರೆಯವರ ಯಂತ್ರದಲ್ಲಿ ತೆರೆದು ನೋಡುವ ಕ್ರಮವನ್ನೂ ಇಟ್ಟುಕೊಂಡಿದ್ದಾರೆ. ತೆರೆದು ನೋಡದ ಪ್ರತಿ ಇದ್ದೂ ಇಲ್ಲದಂತೆ.

ಉಳಿದ ತೊಡಕು ಒಂದೇ. ನೂರಾರು ಶೀರ್ಷಿಕೆಗಳಲ್ಲಿ ಯಾವುದನ್ನು ಮೊದಲು ತಿರುಗಿಸುವುದು? ಬಿಲ್ಲಿನ ತಂತ್ರಾಂಶವನ್ನು ಕೇಳಿದರೆ ಮಾರಾಟವಾದ ಪುಸ್ತಕಗಳನ್ನು ಹೇಳುತ್ತದೆ; ಪ್ರತಿಗಳೇ ಇಲ್ಲದ ಪುಸ್ತಕ ಮಾರಾಟವಾಗುವುದಾದರೂ ಹೇಗೆ? ಆಗ ಅಂಗಡಿಯಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುವ ಹಿರಿಯರು ಗಲ್ಲಾದ ಕೆಳಗಿನಿಂದ ನಲವತ್ತು ಪುಟದ ಒಂದು ನೋಟುಬುಕ್ಕನ್ನು ತೆಗೆದುಕೊಟ್ಟರು. ಗಿರಾಕಿ ಕೇಳಿ, ಇಲ್ಲವೆನಿಸಿಕೊಂಡು ಹೋದ ಪುಸ್ತಕಗಳ ಹೆಸರು, ತಾರೀಖು, ಕೆಲವು ಕಡೆ ಕೇಳಿದವರ ಊರು: ಗದಗ, ಶಿರಸಿ, ಸೊಲ್ಲಾಪುರ. ಯಾರೂ ಹೇಳದೆಯೇ ಬರೆದಿಟ್ಟದ್ದು ಅದು. ಕೆಲಸ ಈಗ ಆ ನೋಟುಬುಕ್ಕಿನ ಅನುಕ್ರಮದಲ್ಲಿಯೇ ಸಾಗಿದೆ. ಸಾವಿರ ಪ್ರತಿ ಹಾಕಿಸುವ ಹಂಗೂ ಈಗಿಲ್ಲ. ಐವತ್ತೇ ಪ್ರತಿ ಮುದ್ರಿಸಿ ಕೊಡುವ ಮುದ್ರಣಾಲಯಗಳಿವೆ. ಮೂರು ಪುಸ್ತಕ ಮುಗಿದಿವೆ. ಹುಳು ಹಿಡಿದಿದ್ದ ಆ ಕಾದಂಬರಿಯ ಕರಡು ಈಗ ತಿದ್ದುವವರ ಮೇಜಿನ ಮೇಲಿದೆ.